ಮೊದಲು ಷರಾ ಕಾಲಂ ಓದಿ: ಸರ್ಕಾರಿ ಕಚೇರಿಯ ತಂತ್ರಜ್ಞಾನದ ಹೊಣೆ ಹೊತ್ತವರಿಗೆ

ಹೊಣೆ ವಹಿಸಿಕೊಂಡ ಮೊದಲ ವಾರವೇ ನಿಮ್ಮ ಮೇಜಿನ ಮೇಲೆ ನಾಲ್ಕೈದು ಕಂಪನಿಗಳ ಪ್ರಸ್ತಾವ ಬಂದು ಕೂತಿರುತ್ತವೆ. ಡ್ಯಾಶ್‌ಬೋರ್ಡ್, ಮೊಬೈಲ್ ಆಪ್, ಈಚೆಗೆ ಎಐ ಚಾಟ್‌ಬಾಟ್. ಮೂರು ತಿಂಗಳು ಅವನ್ನು ಮುಟ್ಟಬೇಡಿ.

ನಗರಾಡಳಿತವೊಂದರ ತಂತ್ರಜ್ಞಾನ ವಿಭಾಗದಲ್ಲಿ ಹದಿನಾರು ವರ್ಷ ದುಡಿದು, ಅದರಲ್ಲಿ ಒಂಬತ್ತು ವರ್ಷ ಮುಖ್ಯಸ್ಥೆಯಾಗಿದ್ದವಳು ನಾನು. ಮುಖ್ಯಸ್ಥೆಯಾದ ಹೊಸದರಲ್ಲಿ ಮೂರು ತಿಂಗಳನ್ನು ಕಂಪನಿಗಳವರ ಪ್ರದರ್ಶನ ನೋಡುವುದರಲ್ಲೇ ಕಳೆದೆ. ಅದರ ಫಲ ಅನುಭವಿಸಿದವರು ಕೌಂಟರಿನ ಮುಂದೆ ನಿಂತ ಜನ. ರಾಜ್ಯದ ಇಲಾಖೆಯಿರಲಿ, ಸ್ಥಳೀಯ ಸಂಸ್ಥೆಯಿರಲಿ, ಆ ಕುರ್ಚಿಗೆ ಈಗ ಬಂದವರು ನನ್ನ ತಪ್ಪನ್ನು ಮತ್ತೆ ಮಾಡಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಕೌಂಟರಿನ ಒಳಬದಿ ಕುಳಿತುಕೊಳ್ಳಿ

ವಾರಕ್ಕೆ ಎರಡು ದಿನ, ಒಂದೊಂದು ಶಾಖೆಯಲ್ಲಿ, ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂರಿ. ಪರಿಶೀಲನೆಗೆ ಬಂದವರಂತೆ ಪ್ರಶ್ನೆ ಕೇಳಬೇಡಿ, ಸುಮ್ಮನೆ ನೋಡಿ. ಕಂಪ್ಯೂಟರಿನ ಪರದೆಗಿಂತ ಅದರ ಸುತ್ತ ಏನಿದೆ ಎಂಬುದು ಮುಖ್ಯ. ಮಾನಿಟರಿಗೆ ಅಂಟಿಸಿದ ಚೀಟಿ, ಡ್ರಾಯರಿನಲ್ಲಿರುವ ಡೈರಿ, ಯಾರಿಗೂ ತೋರಿಸದೆ ಇಟ್ಟುಕೊಂಡ ಎಕ್ಸೆಲ್ ಫೈಲ್. ನೀವು ಕೊಟ್ಟ ತಂತ್ರಾಂಶ ಎಲ್ಲಿ ಕೈಕೊಡುತ್ತದೋ ಅಲ್ಲಿ ಇಂಥದ್ದೊಂದು ಹುಟ್ಟಿಕೊಂಡಿರುತ್ತದೆ.

ನಾನು ಇದನ್ನು ಕಲಿತದ್ದು ಆಸ್ತಿಯ ಹೆಸರು ಬದಲಾವಣೆ ಮಾಡುವ ಶಾಖೆಯಲ್ಲಿ. ಹೊಸ ತಂತ್ರಾಂಶ ಉದ್ಘಾಟನೆಯಾಗಿ ಎಂಟು ತಿಂಗಳಾಗಿತ್ತು. ಬೇರೇನೋ ಕೆಲಸಕ್ಕೆ ಹೋದವಳು ನೋಡಿದರೆ, ಅಲ್ಲಿನ ಹಿರಿಯ ನೌಕರರೊಬ್ಬರು ಉದ್ದನೆಯ ರಟ್ಟಿನ ರಿಜಿಸ್ಟರ್ ಬಿಡಿಸಿಕೊಂಡು ಬರೆಯುತ್ತಿದ್ದಾರೆ. ಪಕ್ಕದಲ್ಲೇ ಕಂಪ್ಯೂಟರ್ ಆನ್ ಇದೆ.

"ಇದನ್ನು ಇನ್ನೂ ಯಾಕೆ ಬರೀತಿದ್ದೀರಿ?" ಎಂದೆ.

"ನಿಮ್ಮದರಲ್ಲಿ ಷರಾ ಕಾಲಂ ಇಲ್ಲವಲ್ಲ ಮೇಡಂ" ಎಂದು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು.

ಷರಾ, ಅಂದರೆ ಟಿಪ್ಪಣಿ ಬರೆಯುವ ಕೊನೆಯ ಕಾಲಮ್ಮಿನಲ್ಲಿ ಸಣ್ಣ ಅಕ್ಷರದಲ್ಲಿ, ಕೆಲವು ಕಡೆ ಪೆನ್ಸಿಲ್ಲಿನಲ್ಲಿ: "ಅಣ್ಣನ ಸಹಿ ಬಾಕಿ, ತಿಂಗಳ ಕೊನೆಗೆ ಬರುತ್ತಾರಂತೆ." "ನಕ್ಷೆಯ ಅಳತೆ ಬೇರೆ, ಸ್ಥಳ ನೋಡಬೇಕು." "ಕೋರ್ಟ್ ತಡೆ ಇದೆ, ಕಡತದ ಪುಟ 14." "ಅಜ್ಜಿಗೆ ನಡೆಯಲಾಗುವುದಿಲ್ಲ, ಮಗಳಿಗೆ ಫೋನ್ ಮಾಡುವುದು." ನಮ್ಮ ತಂತ್ರಾಂಶದಲ್ಲಿ ಇವೆಲ್ಲಕ್ಕೂ ಇದ್ದದ್ದು ಒಂದೇ ಪದ: ಬಾಕಿ. ಅನುಮೋದಿತ, ತಿರಸ್ಕೃತ, ಬಾಕಿ. ಮೂರೇ ಸ್ಥಿತಿಗಳನ್ನು ಇಟ್ಟುಕೊಂಡು, ಒಂದು ಕಚೇರಿಯ ಕೆಲಸವನ್ನೇ ಕಂಪ್ಯೂಟರಿಗೆ ಹಾಕಿದ್ದೇವೆ ಎಂದು ನಾವು ವೇದಿಕೆಯ ಮೇಲೆ ಹೇಳಿದ್ದೆವು.

ಮರುದಿನದಿಂದ ನಾನೂ ಇಬ್ಬರು ಸಹೋದ್ಯೋಗಿಗಳೂ ನಾಲ್ಕು ದಿನ ಕೂತು ಆ ವರ್ಷದ ಷರಾಗಳನ್ನೆಲ್ಲ ಬರೆದುಕೊಂಡೆವು. ಒಂದೇ ಬಗೆಯವನ್ನು ಗುಂಪು ಮಾಡಿದಾಗ ಹನ್ನೊಂದು ಕಾರಣಗಳು ಉಳಿದವು. ಅವುಗಳಲ್ಲಿ ಏಳು, ಅರ್ಜಿ ತೆಗೆದುಕೊಳ್ಳುವ ಹೊತ್ತಿನಲ್ಲೇ ಒಂದು ಪ್ರಶ್ನೆ ಕೇಳಿದ್ದರೆ ಹುಟ್ಟುತ್ತಲೇ ಇರಲಿಲ್ಲ. ನನ್ನ ಪ್ರಕಾರ ನಾವು ಮಾಡಿದ ಅತಿ ದೊಡ್ಡ ಸುಧಾರಣೆ ಆ ಏಳು ಪ್ರಶ್ನೆಗಳು. ಅದಕ್ಕೆ ಟೆಂಡರ್ ಬೇಕಾಗಲಿಲ್ಲ.

ನಿಮ್ಮ ಕಚೇರಿಯಲ್ಲೂ ಹೀಗೇ ಮಾಡಿ. ಷರಾ ಕಾಲಮ್ಮನ್ನು ನಕಲು ಮಾಡಿಸಿ, ಓದಿ, ಗುಂಪು ಮಾಡಿ. ಈ ಕೆಲಸವನ್ನು ಹೊರಗಿನ ಸಲಹಾ ಸಂಸ್ಥೆಗೆ ಕೊಡಬೇಡಿ. ಓದುವ ಕಣ್ಣು ನಿಮ್ಮದೇ ಆಗಿರಬೇಕು.

ಒಂದೇ ಸೇವೆ ಹಿಡಿಯಿರಿ, ತುದಿ ಮುಟ್ಟಿಸಿ

ಮೇಲಿನವರು ಕೇಳುವುದು "ಎಷ್ಟು ಸೇವೆ ಆನ್‌ಲೈನ್ ಆಯಿತು?" ಎಂದು. ಆ ಸಂಖ್ಯೆಯ ಹಿಂದೆ ಹೋದರೆ ನಲವತ್ತು ಸೇವೆಗಳ ಅರ್ಜಿ ಆನ್‌ಲೈನ್ ಆಗಿ, ನಲವತ್ತರ ಪ್ರಿಂಟೂ ಮತ್ತೆ ಅದೇ ಕಡತಕ್ಕೆ ಸೇರುತ್ತದೆ. ಬದಲಿಗೆ ಒಂದೇ ಸೇವೆಯನ್ನು ಆರಿಸಿ, ಅರ್ಜಿಯಿಂದ ಆದೇಶ ಕೈಸೇರುವವರೆಗೆ ಪೂರ್ತಿ ಸರಿಪಡಿಸಿ. ತುಂಬಾ ಜನ ಬರುವ ಸೇವೆಯಾಗಿರಲಿ. ಅದಕ್ಕಿಂತ ಮುಖ್ಯವಾಗಿ, ಆ ಶಾಖೆಯ ಮುಖ್ಯಸ್ಥರಿಗೆ ನಿಜವಾದ ಆಸಕ್ತಿ ಇರಲಿ. ಮನಸ್ಸಿಲ್ಲದ ಶಾಖೆಯಲ್ಲಿ ಎಂಥ ತಂತ್ರಾಂಶವೂ ನಿಲ್ಲುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಬಡ ಕುಟುಂಬಗಳಿಗೆ ಆಹಾರ ನೆರವು ಕೊಡುವ ಯೋಜನೆಯ ಆನ್‌ಲೈನ್ ಅರ್ಜಿ ಐವತ್ತಕ್ಕೂ ಹೆಚ್ಚು ಪುಟ ಇತ್ತು. ತುಂಬಲು ಮುಕ್ಕಾಲು ಗಂಟೆ, ಮೊಬೈಲಿನಲ್ಲಿ ನಡೆಯುತ್ತಿರಲಿಲ್ಲ. ಕೋಡ್ ಫಾರ್ ಅಮೆರಿಕ ಎಂಬ ಸ್ವಯಂಸೇವಾ ಸಂಸ್ಥೆಯ ಯುವಕರು 2013ರಲ್ಲಿ ತಾವೇ ಆ ನೆರವಿಗೆ ಅರ್ಜಿ ಹಾಕಿ ನೋಡಿದರು. ಎಲ್ಲಿ ಜನ ಬಿಟ್ಟುಹೋಗುತ್ತಾರೆ ಎಂಬುದು ಅವರಿಗೆ ಆಗ ತಿಳಿಯಿತು. ಅವರು ಕಟ್ಟಿದ ಗೆಟ್‌ಕ್ಯಾಲ್‌ಫ್ರೆಶ್ ಎಂಬ ಜಾಲತಾಣದಲ್ಲಿ ಅರ್ಜಿ ಹತ್ತು ನಿಮಿಷದೊಳಗೆ ಮುಗಿಯುವಂತಾಯಿತು. ನೀವೂ ನಿಮ್ಮ ಕಚೇರಿಯ ಸೇವೆಗೆ ನೀವೇ ಒಮ್ಮೆ ಅರ್ಜಿ ಹಾಕಿ. ಹಳೆಯ ಫೋನಿನಲ್ಲಿ, ದುರ್ಬಲ ಸಿಗ್ನಲ್ಲಿನಲ್ಲಿ, ಕಚೇರಿಯ ಗುರುತಿನ ಚೀಟಿ ತೋರಿಸದೆ.

ಹೊಸ ಪ್ರಯೋಗ ಮಾಡುವಾಗ ಉತ್ತರ ಮೊದಲೇ ಗೊತ್ತಿದೆ ಎಂದುಕೊಳ್ಳಬೇಡಿ. ಬಾಸ್ಟನ್ ನಗರಾಡಳಿತ 2012ರ ಸುಮಾರಿಗೆ ಸ್ಟ್ರೀಟ್ ಬಂಪ್ ಎಂಬ ಆಪ್ ತಂದಿತು. ಕಾರಿನಲ್ಲಿಟ್ಟ ಫೋನೇ ರಸ್ತೆಯ ಕುಲುಕಾಟ ಅಳೆದು ಗುಂಡಿ ಎಲ್ಲಿದೆ ಎಂದು ತಿಳಿಸಬೇಕು. ಮಾಹಿತಿ ಬಂದಾಗ ಕಂಡದ್ದೇ ಬೇರೆ: ಕುಲುಕಾಟಗಳಲ್ಲಿ ಬಹಳಷ್ಟು ಗುಂಡಿಗಳದ್ದಲ್ಲ, ರಸ್ತೆ ಮಟ್ಟಕ್ಕೆ ಕೂರದ ಮ್ಯಾನ್‌ಹೋಲ್ ಮುಚ್ಚಳಗಳದ್ದು. ಸರಿಪಡಿಸಬೇಕಾದವರೂ ಬೇರೆಯವರಾದರು. ಇನ್ನೊಂದನ್ನೂ ಅಲ್ಲಿನವರು ಗಮನಿಸಿದರು: ಸ್ಮಾರ್ಟ್‌ಫೋನ್ ಮತ್ತು ಕಾರು ಹೆಚ್ಚಿರುವ ಬಡಾವಣೆಯ ರಸ್ತೆಯೇ ನಕ್ಷೆಯಲ್ಲಿ ಹೆಚ್ಚು ಕಾಣುತ್ತದೆ. ಬಡವರ ಬೀದಿಯಿಂದ ದೂರು ಬಂದಿಲ್ಲ ಎಂದರೆ ಬೀದಿ ಚೆನ್ನಾಗಿದೆ ಎಂದು ಅರ್ಥವಲ್ಲ.

ಹಳೆಯ ರಿಜಿಸ್ಟರ್ ಮುಚ್ಚುವ ದಿನ

ನನ್ನ ಅನುಭವದಲ್ಲಿ ಅತ್ಯಂತ ಕಷ್ಟದ, ಎಲ್ಲರೂ ಮುಂದೂಡುವ ಕೆಲಸ ಇದೇ. ಕೈಬರಹದ ದಾಖಲೆಯೂ ನಡೆಯುತ್ತದೆ, ಕಂಪ್ಯೂಟರಿನದೂ ನಡೆಯುತ್ತದೆ ಎಂದರೆ ನೌಕರರಿಗೆ ಎರಡು ಪಟ್ಟು ಕೆಲಸ, ಜನರಿಗೆ ಎರಡು ಸಾಲು, ದುಡ್ಡು ಕೇಳುವವನಿಗೆ ಎರಡು ದಾರಿ.

ಕರ್ನಾಟಕದ ಭೂಮಿ ಯೋಜನೆಯನ್ನು ಈ ಕಾರಣಕ್ಕಾಗಿಯೇ ಮತ್ತೆ ಮತ್ತೆ ನೋಡಬೇಕು. ಸುಮಾರು 2 ಕೋಟಿ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದ್ದರಷ್ಟೇ ಅದಕ್ಕೆ ಇಷ್ಟು ಹೆಸರು ಬರುತ್ತಿರಲಿಲ್ಲ. ಯಾವ ತಾಲ್ಲೂಕಿನಲ್ಲಿ ಕೇಂದ್ರ ಶುರುವಾಯಿತೋ ಅಲ್ಲಿ ಕೈಬರಹದ ಪಹಣಿ ಕೊಡುವುದನ್ನೇ ನಿಲ್ಲಿಸಿದರು. ಒಮ್ಮೆಲೇ ಅಲ್ಲ, ತಾಲ್ಲೂಕಿನಿಂದ ತಾಲ್ಲೂಕಿಗೆ. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರತಿಯಲ್ಲೇ ತೆಗೆದುಕೊಳ್ಳುವಂತೆ ತಂತ್ರಾಂಶ ಕಟ್ಟಿದರು. ದಾಖಲೆ ತಿದ್ದುವವರು ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಯಾರು ತಿದ್ದಿದರು ಎಂಬುದನ್ನು ಆಮೇಲೆ ಅಲ್ಲಗಳೆಯುವಂತಿರಲಿಲ್ಲ. ಕೌಂಟರಿನಲ್ಲಿ ಎರಡನೆಯ ಪರದೆಯೊಂದನ್ನು ರೈತರ ಕಡೆ ತಿರುಗಿಸಿ ಇಟ್ಟರು. ತನ್ನ ದಾಖಲೆಗೆ ಏನು ಮಾಡುತ್ತಿದ್ದಾರೆ ಎಂದು ಆತ ನಿಂತಲ್ಲೇ ನೋಡಬಹುದಿತ್ತು. ಆ ಎರಡನೆಯ ಪರದೆಯಷ್ಟು ಅಗ್ಗದ, ಅಷ್ಟು ಗೌರವದ ಆವಿಷ್ಕಾರವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಕಚೇರಿಯ ಮೂರು ಕೌಂಟರುಗಳಲ್ಲೂ ಅದನ್ನು ಇಡಿಸಿದೆ.

ಭೂಮಿಗೆ ಬಂದ ಟೀಕೆಯನ್ನೂ ಓದಿ. ಊರಿನಲ್ಲೇ ಸಿಗುತ್ತಿದ್ದ ಪಹಣಿಗೆ ತಾಲ್ಲೂಕು ಕೇಂದ್ರದವರೆಗೆ ಹೋಗಬೇಕಾಯಿತು, ಅದು ಬಡ ರೈತರಿಗೆ ಭಾರವಾಯಿತು ಎಂಬ ಮಾತು ಸುಳ್ಳಲ್ಲ. ಹಳೆಯ ದಾರಿ ಮುಚ್ಚುವಾಗ ಹೊಸ ದಾರಿ ಜನರಿಗೆ ಎಷ್ಟು ದೂರ ಎಂದು ಅಳೆಯಿರಿ.

ಮುಚ್ಚುವ ಕ್ರಮ ಹೀಗಿರಲಿ. ಆರು ವಾರ ಎರಡೂ ಜೊತೆಗೆ ನಡೆಯಲಿ, ಹೆಚ್ಚು ಬೇಡ. ಪ್ರತಿ ಶುಕ್ರವಾರ ರಿಜಿಸ್ಟರಿನಿಂದ ಇಪ್ಪತ್ತು ನಮೂದು ಆರಿಸಿ ಕಂಪ್ಯೂಟರಿನದಕ್ಕೆ ತಾಳೆ ನೋಡಿ. ಎರಡು ವಾರ ಸತತವಾಗಿ ತಾಳೆಯಾದ ಮೇಲೆ ಮೇಲಧಿಕಾರಿಯ ಸಹಿಯಿಂದ ಸುತ್ತೋಲೆ ಹೊರಡಿಸಿ: ಇಂಥ ದಿನಾಂಕದಿಂದ ಕೈಬರಹದ ನಮೂದಿಗೆ ಮಾನ್ಯತೆ ಇಲ್ಲ. ಆ ದಿನ ರಿಜಿಸ್ಟರಿನ ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು ಶಾಖಾ ಮುಖ್ಯಸ್ಥರು ಸಹಿ ಹಾಕಿ, ಅದು ದಾಖಲೆ ಕೊಠಡಿಗೆ ಹೋಗಲಿ. ಕರೆಂಟ್ ಹೋದಾಗ, ಸರ್ವರ್ ಡೌನ್ ಆದಾಗ ಏನು ಮಾಡಬೇಕು ಎಂಬುದು ಅದೇ ಸುತ್ತೋಲೆಯಲ್ಲಿ ಇರಬೇಕು: ಕ್ರಮಸಂಖ್ಯೆ ಇರುವ ಕಾಗದದ ಸ್ವೀಕೃತಿ ಕೊಡುವುದು, ಮರುದಿನ ಹನ್ನೊಂದರೊಳಗೆ ನಮೂದಿಸುವುದು. ಇಷ್ಟು ಬರೆಯದಿದ್ದರೆ ಸರ್ವರ್ ಡೌನ್ ಎಂಬುದೇ ಹಳೆಯ ರಿಜಿಸ್ಟರ್ ವಾಪಸ್ ಬರುವ ಬಾಗಿಲಾಗುತ್ತದೆ.

ಟೆಂಡರ್, ಬಿಲ್ಲು, ಆಮೇಲಿನ ಹತ್ತು ವರ್ಷ

ದೊಡ್ಡ ಟೆಂಡರನ್ನು ಒಡೆಯಿರಿ. ಆರು ತಿಂಗಳಲ್ಲಿ ಕೈಗೆ ಸಿಗುವಷ್ಟು ಕೆಲಸ, ಆಮೇಲೆ ಮುಂದಿನದು. ಅಮೆರಿಕದ ಒರೆಗಾನ್ ರಾಜ್ಯದ ಆರೋಗ್ಯ ವಿಮೆಯ ಜಾಲತಾಣ 2013ರ ಅಕ್ಟೋಬರಿನಲ್ಲಿ ಶುರುವಾಗಬೇಕಿತ್ತು. ಎಲ್ಲವನ್ನೂ ಒಟ್ಟಿಗೆ ಕಟ್ಟಲು ಹೊರಟು, ಒಬ್ಬನೇ ಒಬ್ಬ ನಾಗರಿಕ ಮೊದಲಿನಿಂದ ಕೊನೆಯವರೆಗೆ ಆನ್‌ಲೈನಿನಲ್ಲೇ ಹೆಸರು ನೋಂದಾಯಿಸುವುದೂ ಆಗದೆ, 2014ರ ಏಪ್ರಿಲಿನಲ್ಲಿ ಅದನ್ನು ಕೈಬಿಟ್ಟು ಒಕ್ಕೂಟ ಸರ್ಕಾರದ ತಾಣಕ್ಕೆ ಸೇರಲು ತೀರ್ಮಾನಿಸಿದರು.

ಕರಾರಿನಲ್ಲಿ ನಾನು ಬಿಟ್ಟುಕೊಡದ ಷರತ್ತುಗಳು ಮೂರು. ಕೇಳಿದ ದಿನ ಪೂರ್ತಿ ದತ್ತಾಂಶ ಬೇರೆ ಯಾವ ತಂತ್ರಾಂಶವೂ ಓದಬಲ್ಲ ರೂಪದಲ್ಲಿ ಸಿಗಬೇಕು. ಕಂಪನಿ ಬದಲಾದರೆ ಮೂರು ತಿಂಗಳು ಹೊಸಬರಿಗೆ ಕೆಲಸ ಒಪ್ಪಿಸಿ ಹೋಗಬೇಕು. ಕೊನೆಯ ಬಿಲ್ಲು ಪಾಸಾಗುವುದು ಕೌಂಟರಿನ ನೌಕರರು ಮತ್ತು ನಿಜವಾದ ಅರ್ಜಿದಾರರು ಬಳಸಿ ನೋಡಿದ ಮೇಲೆ ಮಾತ್ರ.

ನಿರ್ವಹಣೆಗೆ ಪ್ರತಿ ವರ್ಷ ಹಣ ಇಡುವುದು ಯಾರಿಗೂ ಇಷ್ಟವಿಲ್ಲ, ಅದಕ್ಕೆ ಉದ್ಘಾಟನೆ ಇರುವುದಿಲ್ಲ. 2020ರ ಏಪ್ರಿಲಿನಲ್ಲಿ, ಕೋವಿಡ್‌ನಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ರಾಶಿಯಾಗಿ ಬರುತ್ತಿದ್ದಾಗ, ನ್ಯೂಜೆರ್ಸಿಯ ಗವರ್ನರ್ ಫಿಲ್ ಮರ್ಫಿ ಪತ್ರಿಕಾಗೋಷ್ಠಿಯಲ್ಲೇ ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ನೆರವಿಗೆ ಬನ್ನಿ ಎಂದು ಕೇಳಿಕೊಳ್ಳಬೇಕಾಯಿತು. ರಾಜ್ಯದ ನಿರುದ್ಯೋಗ ಭತ್ಯೆಯ ವ್ಯವಸ್ಥೆ ಸುಮಾರು ನಲವತ್ತು ವರ್ಷ ಹಳೆಯ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನ ಮೇಲೆ ನಿಂತಿತ್ತು. ಹಳೆಯದಾಗಿರುವುದು ತಪ್ಪಲ್ಲ. ಬಲ್ಲವರು ನಿವೃತ್ತರಾಗುವ ಮೊದಲು ಕೂರಿಸಿಕೊಂಡು ಬರೆದಿಡದೆ ಇರುವುದು ತಪ್ಪು.

ಶಿಕ್ಷಿಸುವ ಅಧಿಕಾರ ಯಂತ್ರಕ್ಕೆ ಬೇಡ

ಎಐ ಬಗ್ಗೆ ಕೇಳುವವರಿಗೆಲ್ಲ ನಾನು ಮಿಷಿಗನ್ ರಾಜ್ಯದ ಕತೆ ಹೇಳುತ್ತೇನೆ. ನಿರುದ್ಯೋಗ ಭತ್ಯೆಯಲ್ಲಿ ಮೋಸ ಹಿಡಿಯಲು ಅಲ್ಲಿ 2013ರಲ್ಲಿ ಮಿಡಾಸ್ ಎಂಬ ತಂತ್ರಾಂಶ ತಂದರು. 2015ರವರೆಗೆ ಅದು ಸುಮಾರು 40,000 ಜನರ ಮೇಲೆ ತಪ್ಪಾಗಿ ಮೋಸದ ಆರೋಪ ಹೊರಿಸಿತು. ಮನುಷ್ಯರು ನೋಡದೆ ಯಂತ್ರವೇ ಕೊಟ್ಟ ತೀರ್ಮಾನಗಳನ್ನು ಆಮೇಲೆ ಪರಿಶೀಲಿಸಿದಾಗ ಶೇ 93ರಷ್ಟು ತಪ್ಪಾಗಿದ್ದವು. ಜನರ ಸಂಬಳ, ತೆರಿಗೆ ಮರುಪಾವತಿಯ ಹಣ ಜಪ್ತಿಯಾಗಿತ್ತು. ಕಡತ ವಿಂಗಡಿಸಲು, ನಮೂದು ತಾಳೆ ನೋಡಲು ಯಂತ್ರ ಬಳಸಿ. ಒಬ್ಬರ ಸವಲತ್ತು ನಿಲ್ಲಿಸುವ, ದಂಡ ಹಾಕುವ ಹಿಂಬರಹದ ಕೆಳಗೆ ಕಾರಣ ಬರೆದು ಸಹಿ ಹಾಕುವ ಅಧಿಕಾರಿ ಇರಲೇಬೇಕು.

ಬ್ಯಾಕಪ್ಪನ್ನು ಶನಿವಾರ ಬಿಚ್ಚಿ ನೋಡಿ

ಅಮೆರಿಕದ ಬಾಲ್ಟಿಮೋರ್ ನಗರ ಆಡಳಿತದಲ್ಲಿ ಹೊಸತನ ತರುವುದರಲ್ಲಿ ಬಹಳ ಮುಂದಿತ್ತು. ತುರ್ತಲ್ಲದ ಪೊಲೀಸ್ ಕರೆಗಳಿಗೆ 311 ಎಂಬ ಸಂಖ್ಯೆ ಮೊದಲು ಬಂದದ್ದು ಅಲ್ಲೇ, 1996ರಲ್ಲಿ. 2000ದಲ್ಲಿ ಮೇಯರ್ ಮಾರ್ಟಿನ್ ಒಮ್ಯಾಲಿ ಸಿಟಿಸ್ಟ್ಯಾಟ್ ಶುರು ಮಾಡಿ, ಅಂಕಿಅಂಶ ಮುಂದಿಟ್ಟುಕೊಂಡು ಇಲಾಖಾ ಮುಖ್ಯಸ್ಥರನ್ನು ನಿಯಮಿತವಾಗಿ ಕೂರಿಸಿ ಕೇಳುವ ಪದ್ಧತಿ ತಂದರು. ಅದೇ ನಗರವನ್ನು 2019ರ ಮೇ ತಿಂಗಳಲ್ಲಿ ರ‍್ಯಾನ್ಸಮ್‌ವೇರ್, ಅಂದರೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ, ಕಟ್ಟಿಹಾಕಿತು. ಕೇಳಿದ್ದು 13 ಬಿಟ್‌ಕಾಯಿನ್, ನಗರ ಕೊಡಲಿಲ್ಲ. ಮನೆ ಮಾರಾಟದ ವ್ಯವಹಾರಗಳು ನಿಂತವು, ನೀರಿನ ಬಿಲ್ ಕಳಿಸಲಾಗಲಿಲ್ಲ, ನಷ್ಟದ ಅಂದಾಜು 1.8 ಕೋಟಿ ಡಾಲರ್. ಕಣ್ಣಿಗೆ ಕಾಣುವ ಹೊಸತನ ಎಷ್ಟೇ ಇರಲಿ, ಕೆಳಗಿನ ಕೊಳಾಯಿ ಸೋರುತ್ತಿದ್ದರೆ ಎಲ್ಲ ನಿಲ್ಲುತ್ತದೆ.

ಮೂರು ತಿಂಗಳಿಗೊಂದು ಶನಿವಾರ, ಒಂದು ಖಾಲಿ ಯಂತ್ರದ ಮೇಲೆ ಬ್ಯಾಕಪ್ಪಿನಿಂದ ಇಡೀ ವ್ಯವಸ್ಥೆ ಎಬ್ಬಿಸಿ ನೋಡಿ. ನಾವು ಮೊದಲ ಸಲ ಮಾಡಿದಾಗ ಎರಡು ಶಾಖೆಗಳ ಬ್ಯಾಕಪ್ ಐದು ತಿಂಗಳಿಂದ ನಿಂತುಹೋಗಿತ್ತು. ಪ್ರತಿದಿನದ ವರದಿಯಲ್ಲಿ ಮಾತ್ರ ಹಸಿರು ಗುರುತು ಬರುತ್ತಿತ್ತು. ಆ ಮಧ್ಯಾಹ್ನ ನನ್ನ ಕೈಕಾಲು ತಣ್ಣಗಾದದ್ದು ಇನ್ನೂ ನೆನಪಿದೆ.

ವರ್ಗಾವಣೆಗೆ ಮೊದಲು

ಈ ಕುರ್ಚಿಯಲ್ಲಿ ಹೆಚ್ಚಿನವರು ಬಹಳ ಕಾಲ ಇರುವುದಿಲ್ಲ. ಹಾಗಾಗಿ ಒಳ್ಳೆಯದೇನಾದರೂ ಆದರೆ ಅದರ ಹೆಸರು ಶಾಖೆಯವರಿಗೆ ಹೋಗಲಿ. ನಾವು ಏಳು ಪ್ರಶ್ನೆಗಳ ನಮೂನೆ ಬಿಡುಗಡೆ ಮಾಡಿದ ದಿನ ಅದನ್ನು ಚುನಾಯಿತ ಸದಸ್ಯರ ಮುಂದೆ ವಿವರಿಸಿದ್ದು ಆ ಹಿರಿಯ ನೌಕರರೇ, ರಿಜಿಸ್ಟರನ್ನು ಎದೆಗೆ ಒತ್ತಿ ಹಿಡಿದುಕೊಂಡು. ಆಮೇಲೆ ಇಬ್ಬರು ಮುಖ್ಯಾಧಿಕಾರಿಗಳು ಬದಲಾದರು, ನಮೂನೆ ಬದಲಾಗಲಿಲ್ಲ. ಅದು ತಮ್ಮದು ಎಂದು ಶಾಖೆಯವರೇ ಕಾದುಕೊಂಡರು.

ಹೊರಡುವವರು ಒಂದು ನೋಟ್‌ಬುಕ್ ಒಪ್ಪಿಸಿ ಹೊರಡಿ. ಯಾವ ಕರಾರು ಯಾವ ತಿಂಗಳು ಮುಗಿಯುತ್ತದೆ, ಸರ್ವರಿನ ಪಾಸ್‌ವರ್ಡ್ ಯಾವ ಇಬ್ಬರ ಬಳಿ ಇದೆ, ಯಾವ ಪ್ರಯೋಗ ಸೋತಿತು, ಯಾಕೆ ಸೋತಿತು, ಎಲ್ಲ ಅದರಲ್ಲಿರಲಿ. ಕಚೇರಿಯ ಜಾಲತಾಣದ ಡೊಮೈನ್, ಅಂದರೆ ಅದರ ವಿಳಾಸದ ಹೆಸರು, ಯಾರ ಇಮೇಲಿನಲ್ಲಿ ನೋಂದಣಿಯಾಗಿದೆ ಎಂಬುದನ್ನಂತೂ ಇವತ್ತೇ ನೋಡಿ. ನಮ್ಮದು ಆರು ವರ್ಷ ಹಿಂದೆ ಕೆಲಸ ಬಿಟ್ಟ ಗುತ್ತಿಗೆ ನೌಕರನ ಸ್ವಂತ ಇಮೇಲಿನಲ್ಲಿತ್ತು.