ಕಂಪನಿ ಧ್ಯೇಯವಾಕ್ಯನ ಲೆಕ್ಕಕ್ಕೆ ಇಳಿಸೋದು ಹೇಗೆ

ರಿಸೆಪ್ಷನ್ ಗೋಡೆ ಮೇಲೆ ಫ್ರೇಮ್ ಹಾಕಿಸಿ ನೇತಾಕಿರೋ ಧ್ಯೇಯವಾಕ್ಯ ಒಂದ್ಸಲ ನಿಂತು ಓದಿ. "ಸಮಾಜಕ್ಕೆ ಒಳಿತು ಮಾಡ್ತಾ ಬೆಳೆಯೋದೇ ನಮ್ಮ ಗುರಿ" ಅಂತೇನೋ ಇರತ್ತೆ. ಸರಿ, ಈ ವರ್ಷ ಅದು ಆಯ್ತಾ ಇಲ್ವಾ ಅಂತ ಅಕೌಂಟ್ಸ್‌ನೋರನ್ನ ಕೇಳಿದ್ರೆ ಅವ್ರಾದ್ರೂ ಏನು ಹೇಳ್ತಾರೆ ಪಾಪ. "ಇಲ್ಲ ಸಾರ್, ಆಗ್ಲಿಲ್ಲ" ಅನ್ನೋಕೆ ಆ ವಾಕ್ಯದಲ್ಲಿ ಜಾಗಾನೇ ಇಲ್ಲ. ಮೊದಲ್ನೇ ಕೆಲ್ಸ ಇದೇ: ಫೇಲ್ ಆಗೋಕೆ ಸಾಧ್ಯ ಇರೋ ಥರ ವಾಕ್ಯ ಬದಲಾಯಿಸ್ಕೊಳ್ಳಿ. ಯಾರಿಗೆ, ಅವ್ರ ಬದುಕಲ್ಲಿ ಏನು ಬದಲಾಗ್ಬೇಕು, ಇವೆರಡು ಅದ್ರಲ್ಲಿ ಇರ್ಲೇಬೇಕು.

ಇದಕ್ಕೆ ನಂಗೆ ತುಂಬ ಇಷ್ಟದ ಉದಾಹರಣೆ ಮಧುರೈನ ಅರವಿಂದ್ ಕಣ್ಣಾಸ್ಪತ್ರೆ. ಡಾ. ಜಿ. ವೆಂಕಟಸ್ವಾಮಿ ಅವ್ರು ಸರ್ಕಾರಿ ನೌಕರಿಯಿಂದ ರಿಟೈರ್ ಆದ್ಮೇಲೆ 1976ರಲ್ಲಿ 11 ಬೆಡ್ ಇಟ್ಕೊಂಡು ಶುರು ಮಾಡಿದ್ದು. ತಪ್ಪಿಸಬಹುದಾದ ಅಂಧತ್ವ ಇಲ್ದಂಗೆ ಮಾಡ್ಬೇಕು ಅನ್ನೋದು ಉದ್ದೇಶ. "ತಪ್ಪಿಸಬಹುದಾದ" ಅಂದ ತಕ್ಷಣ ಲೆಕ್ಕ ಶುರುವಾಗತ್ತೆ ನೋಡಿ, ಯಾಕಂದ್ರೆ ಪೊರೆ ಬಂದು ಕಣ್ಣು ಕಾಣ್ದೇ ಇರೋರಿಗೆ ಆಪರೇಷನ್ ಮಾಡಿದ್ರೆ ಕಾಣತ್ತೆ, ಹಂಗಾದ್ರೆ ಅಂಥವ್ರು ಎಷ್ಟು ಜನ ಇದಾರೆ, ಎಷ್ಟು ಜನಕ್ಕೆ ಮಾಡಿದ್ವಿ, ಎಷ್ಟು ಜನಕ್ಕೆ ನಿಜವಾಗ್ಲೂ ಕಾಣ್ತು. ಹಳ್ಳಿಲಿ ಕ್ಯಾಂಪ್ ಮಾಡಿದ್ರೆ ಜನ ಸೇರೋರು, ಫೋಟೋಗೆ ಚೆನ್ನಾಗಿರೋದು, ಆದ್ರೆ ಆಪರೇಷನ್ ಬೇಕು ಅಂತ ಹೇಳಿಸ್ಕೊಂಡವ್ರಲ್ಲಿ ಎಷ್ಟೋ ಜನ ಆಸ್ಪತ್ರೆಗೇ ಬರ್ತಿರ್ಲಿಲ್ಲ, ಆಪರೇಷನ್ ಫ್ರೀ ಆಗಿದ್ರೂನೂ! ವಿಚಾರಿಸಿದ್ರೆ ಬಸ್ ಚಾರ್ಜು, ಊಟದ ಖರ್ಚು, ಜೊತೆಗೆ ಬರೋಕೆ ಜನ ಇಲ್ಲ, ಕೂಲಿ ತಪ್ಪತ್ತೆ. ಆಮೇಲೆ ಆಸ್ಪತ್ರೆಯವ್ರೇ ಬಸ್ಸಲ್ಲಿ ಕರ್ಕೊಂಡು ಬಂದು, ಊಟ ಹಾಕಿ, ಆಪರೇಷನ್ ಮಾಡಿ ವಾಪಸ್ ಬಿಡೋ ವ್ಯವಸ್ಥೆ ಮಾಡಿದ್ರು. ಕ್ಯಾಂಪಿಗೆ ಬಂದವ್ರ ತಲೆ ಎಣಿಸ್ಕೊಂಡೇ ಖುಷಿಯಾಗಿದ್ದಿದ್ರೆ ಇದು ಗೊತ್ತೇ ಆಗ್ತಿರ್ಲಿಲ್ಲ. ಡಾಕ್ಟರ್ ಟೈಮ್ ವೇಸ್ಟ್ ಆಗ್ಬಾರ್ದು ಅಂತ ಒಬ್ಬ ಸರ್ಜನ್‌ಗೆ ಎರಡು ಟೇಬಲ್ ಇಟ್ಟಿದ್ದು, ಪೊರೆ ತೆಗೆದ್ಮೇಲೆ ಕಣ್ಣೊಳಗೆ ಹಾಕೋ ಹೊರದೇಶದ ಲೆನ್ಸ್ ದುಬಾರಿ ಅಂತ 1992ರಲ್ಲಿ ಆರೋಲ್ಯಾಬ್ ಅನ್ನೋ ಸ್ವಂತ ಘಟಕ ಮಾಡಿ ಲೆನ್ಸ್ ತಾವೇ ತಯಾರಿಸಿದ್ದು, ಎಲ್ಲಾ ಅದೇ ಲೆಕ್ಕದ ಬೆನ್ನು ಹತ್ತಿ ಬಂದಿದ್ದು.

ಈಗ ನಿಮ್ಮ ಕಂಪನಿ. ಸುಮ್ನೆ ಒಂದು ಅನ್ಕೊಳ್ಳೋಣ, ನೀವು ರಾಗಿ ಮಾಲ್ಟು, ರಾಗಿ ಹಿಟ್ಟು ಮಾಡೋ ಸಣ್ಣ ಬ್ರ್ಯಾಂಡ್, "ರೈತರ ಬದುಕು ಹಸನಾಗ್ಬೇಕು" ಅಂತ ಪ್ಯಾಕೆಟ್ ಮೇಲೆ ಪ್ರಿಂಟ್ ಹಾಕಿಸಿದೀರ. "500 ರೈತರ ಜೊತೆ ಕೆಲ್ಸ ಮಾಡ್ತೀವಿ" ಅನ್ನೋದು ರಿಸಲ್ಟ್ ಅಲ್ಲ, ಅದು ನಿಮ್ಮ ಫೋನ್ ಬುಕ್ಕು ಅಷ್ಟೇ. ರಾಗಿ ತೂಕ ಹಾಕಿದ ದಿನದಿಂದ ರೈತನ ಅಕೌಂಟಿಗೆ ದುಡ್ಡು ಬೀಳೋಕೆ ಎಷ್ಟು ದಿನ ಹಿಡೀತು? ಅವತ್ತಿನ ಮಂಡಿ ರೇಟಿಗಿಂತ ನೀವು ಎಷ್ಟು ಜಾಸ್ತಿ ಕೊಟ್ರಿ, ಬೆಂಬಲ ಬೆಲೆಗೆ ಹೋಲಿಸಿದ್ರೆ ಎಷ್ಟು? 2025-26ಕ್ಕೆ ರಾಗಿ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಯಾರು ಬೇಕಾದ್ರೂ ಚೆಕ್ ಮಾಡ್ಬಹುದು. ಹೋದ್ವರ್ಷ ಮಾರಿದವ್ರಲ್ಲಿ ನೂರಕ್ಕೆ ಎಷ್ಟು ಜನ ಈ ವರ್ಷಾನೂ ನಿಮ್ಗೇ ಮಾರಿದ್ರು? ಈ ಮೂರು ಸಾಕು, ಹದಿನೈದು ಬೇಡ, ಹದಿನೈದು ಇದ್ರೆ ಯಾರೂ ನೋಡಲ್ಲ. ಇವ್ಯಾವಕ್ಕೂ ಸಾಫ್ಟ್‌ವೇರ್ ಬೇಡ, ತೂಕದ ಚೀಟಿ ಮತ್ತೆ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಕೊಂಡು ಎಕ್ಸೆಲ್‌ನಲ್ಲೇ ಆಗತ್ತೆ.

ಮೊದಲ ಮೂರು ತಿಂಗಳು ಟಾರ್ಗೆಟ್ ಹಾಕೋಕೆ ಹೋಗ್ಬೇಡಿ, ಸುಮ್ನೆ ಬರ್ಕೊಳ್ಳಿ. ಈಗ ಎಲ್ಲಿದೀವಿ ಅಂತಾನೇ ಗೊತ್ತಿಲ್ದೆ "20% ಇಂಪ್ರೂವ್ ಮಾಡ್ತೀವಿ" ಅನ್ನೋದು ಬರೀ ಬಾಯಿಮಾತು.

ಟಾರ್ಗೆಟ್ ಹಾಕೋವಾಗ ಪ್ರತಿ ನಂಬರಿಗೂ ಒಂದು ಕಾವಲು ನಂಬರ್ ಇಡಿ, ಅಂದ್ರೆ ಆ ಟಾರ್ಗೆಟ್ ಮುಟ್ಟೋ ಭರದಲ್ಲಿ ಬೇರೆ ಏನಾದ್ರೂ ಹಾಳಾಗ್ತಿದ್ರೆ ತೋರ್ಸೋ ನಂಬರ್. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಲ್ಲಿ ಒಬ್ಬೊಬ್ಬ ಗ್ರಾಹಕನಿಗೆ ಇಷ್ಟಿಷ್ಟು ಪ್ರಾಡಕ್ಟ್ ಮಾರ್ಲೇಬೇಕು ಅಂತ ಸ್ಟಾಫ್ ಮೇಲೆ ಪ್ರೆಷರ್ ಹಾಕಿ ಹಾಕಿ, ಕೊನೆಗೆ ಅವ್ರು ಗ್ರಾಹಕರಿಗೆ ಗೊತ್ತೇ ಇಲ್ದಂಗೆ ಲಕ್ಷಗಟ್ಲೆ ಅಕೌಂಟ್ ಓಪನ್ ಮಾಡಿದ್ರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು, ಐದು ಸಾವಿರಕ್ಕೂ ಜಾಸ್ತಿ ಜನ ಕೆಲ್ಸ ಕಳ್ಕೊಂಡ್ರು. ಆ ಬ್ಯಾಂಕಿಗೂ "ಗ್ರಾಹಕರೇ ಮೊದಲು" ಅನ್ನೋ ಥರದ ಮಾತಿಗೇನೂ ಕಮ್ಮಿ ಇರ್ಲಿಲ್ಲ. ನಮ್ಮ ರಾಗಿ ಲೆಕ್ಕದಲ್ಲಿ ಪೇಮೆಂಟ್ ದಿನ ಕಮ್ಮಿ ಮಾಡಿ ಅಂದ್ರೆ ಖರೀದಿ ಮಾಡೋ ಹುಡುಗ ಬೇಗ ದುಡ್ಡು ಹಾಕ್ಬಹುದಾದ ದೊಡ್ಡ ರೈತರ ಹತ್ರಾನೇ ಕೊಳ್ಳೋಕೆ ಶುರು ಮಾಡ್ತಾನೆ, ಅದಕ್ಕೆ ಎರಡು ಎಕರೆ ಒಳಗಿನವ್ರ ಪಾಲು ಎಷ್ಟು ಅಂತಾನೂ ಪಕ್ಕದ ಕಾಲಮ್ಮಲ್ಲಿ ಇರ್ಲಿ.

ಯಾವಾಗ ನೋಡ್ಬೇಕು ಅನ್ನೋದೂ ಮುಖ್ಯ. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಹಿಂದಿನ ದಿನದ ಲಾಭ ನಷ್ಟದ ಲೆಕ್ಕ ದಿನಾ ಸೀನಿಯರ್ ಡಾಕ್ಟರುಗಳ ಮೊಬೈಲಿಗೆ ಬರತ್ತೆ. ತಿಂಗಳ ಕೊನೆಗೆ ನೋಡಿದ್ರೆ ಅದು ಪೋಸ್ಟ್‌ಮಾರ್ಟಂ ಅನ್ನೋದು ಆ ಆಸ್ಪತ್ರೆ ಶುರು ಮಾಡಿದ ಡಾ. ದೇವಿ ಶೆಟ್ಟಿ ಅವ್ರ ವಾದ. ಬಡವರಿಗೂ ಕೈಗೆಟುಕೋ ರೇಟಲ್ಲಿ ಆಪರೇಷನ್ ಮಾಡ್ಬೇಕು ಅನ್ನೋರಿಗೆ, ಇವತ್ತು ಎಷ್ಟು ಜನಕ್ಕೆ ಡಿಸ್ಕೌಂಟ್ ಕೊಡ್ಬಹುದು ಅಂತ ಇವತ್ತೇ ಗೊತ್ತಾಗ್ಬೇಕಲ್ವಾ. ನಿಮ್ಗೆ ದಿನಾ ಬೇಡ, ವಾರಕ್ಕೊಂದ್ಸಲ ಸಾಕು, ಆದ್ರೆ ವರ್ಷಕ್ಕೊಂದ್ಸಲ ಆನ್ಯುಯಲ್ ರಿಪೋರ್ಟಿಗೋಸ್ಕರ ನೋಡೋದು ದಂಡ.

ಇನ್ನೊಂದು ಮಾತು, ಸಿಎಸ್‌ಆರ್ ಖರ್ಚನ್ನ, ಅಂದ್ರೆ ಕಂಪನಿಗಳು ಸಮಾಜದ ಕೆಲ್ಸಕ್ಕೆ ಅಂತ ಎತ್ತಿಡೋ ದುಡ್ಡನ್ನ, ಇದಕ್ಕೆ ಸೇರಿಸ್ಬೇಡಿ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಖರ್ಚು ಮಾಡ್ಬೇಕು, ಅದು ಕಾನೂನು. ಎಷ್ಟು ಖರ್ಚಾಯ್ತು ಅನ್ನೋದಕ್ಕೂ ಏನು ಬದಲಾಯ್ತು ಅನ್ನೋದಕ್ಕೂ ಸಂಬಂಧ ಇರ್ಲೇಬೇಕು ಅಂತೇನಿಲ್ಲ.

ನಂಬರು ಆರ್ಸೋ ಮುಂಚೆ ಯಾರಿಗೋಸ್ಕರ ಮಾಡ್ತಿದೀರೋ ಅವ್ರನ್ನೇ ಕೇಳಿ. ಬಡವರಿಗೆ ಸೋಲಾರ್ ದೀಪ ಮಾರೋ ಸೆಲ್ಕೋ ಕಂಪನಿಯ ಹರೀಶ್ ಹಂದೆ ಅವ್ರು ಹೇಳೋ ಕಥೆ ಒಂದಿದೆ: ಬೀದಿಬದಿ ವ್ಯಾಪಾರಿ ಒಬ್ರು ದೀಪಕ್ಕೆ ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿ ಆದ್ರೆ ಕಟ್ತೀನಿ ಅಂದ್ರಂತೆ. ಆಫೀಸಲ್ಲಿ ಕೂತವ್ರಿಗೆ ಎರಡೂ ಒಂದೇ. ರೈತರನ್ನ ಕೇಳಿದ್ರೆ ರೇಟಿಗಿಂತ ಚೀಲ ಹೊರೋ ಕೂಲಿ, ತೂಕದಲ್ಲಿ ಕಡೀತ, ಇವೇ ದೊಡ್ಡ ತಲೆನೋವು ಅಂತ ಹೇಳ್ಬಹುದು, ಆಗ ನಿಮ್ಮ ಕಾಲಮ್ಮೂ ಬದಲಾಗ್ಬೇಕು.

ಆಮೇಲೆ ಮಂಡೇ ಮೀಟಿಂಗಲ್ಲಿ ಸೇಲ್ಸ್‌ಗಿಂತ ಮುಂಚೆ ಈ ಮೂರು ನಂಬರ್ ಹೇಳಿಸಿ. ಒಂದೊಂದಕ್ಕೂ ಒಬ್ರ ಹೆಸ್ರು ಇರ್ಲಿ, "ಟೀಮ್" ಅಂತ ಬರ್ದ್ರೆ ಯಾರದ್ದೂ ಅಲ್ಲ ಅಂತಾನೇ ಅರ್ಥ. ಆರು ತಿಂಗಳಾದ್ರೂ ಯಾವ್ದಾದ್ರೂ ನಂಬರ್ ನೋಡಿ ನೀವು ಒಂದೇ ಒಂದು ತೀರ್ಮಾನಾನೂ ಬದಲಾಯಿಸಿಲ್ಲ ಅಂದ್ರೆ ಅದನ್ನ ತೆಗ್ದು ಬೇರೆ ಹಾಕಿ.