ಹಳೆಯ ಜೀಪಿನ ಬಾಡಿ: ಬ್ಲಾಸ್ಟಿಂಗಿನಿಂದ ಪ್ರೈಮರಿನವರೆಗೆ

ಚಾಸಿಯಿಂದ, ಅಂದರೆ ಅಡಿಯ ಚೌಕಟ್ಟಿನಿಂದ, ಬಾಡಿಯನ್ನು ಇಳಿಸಿ ನೋಡಿದಾಗ ಬಣ್ಣದಡಿಯಲ್ಲಿ ತಗ್ಗು ತುಂಬುವ ಪುಟ್ಟಿಯೂ ಪುಟ್ಟಿಯಡಿಯಲ್ಲಿ ತುಕ್ಕೂ ಪದರ ಪದರವಾಗಿ ಕುಳಿತಿದ್ದವು. ಎಮರಿ ಕಾಗದದಿಂದ ಉಜ್ಜಿ ಮೇಲ್ಮೈಗೆ ಹೊಳಪು ತರಬಹುದಾದರೂ ಸಣ್ಣ ಗುಳಿಗಳ ತಳದ ತುಕ್ಕು ಹಾಗೆಯೇ ಉಳಿದು, ಹೊಸ ಬಣ್ಣದ ಕೆಳಗೆ ಮತ್ತೆ ಬೆಳೆಯುತ್ತದೆ. ಆದ್ದರಿಂದ ಸ್ಯಾಂಡ್ ಬ್ಲಾಸ್ಟಿಂಗ್, ಅಂದರೆ ಒತ್ತಡದ ಗಾಳಿಯಿಂದ ಒರಟು ಪುಡಿಯನ್ನು ಚಿಮ್ಮಿಸಿ ತುಕ್ಕು ತೆಗೆಯುವ ಕೆಲಸ, ಮಾಡಲು ನಿರ್ಧರಿಸಿದೆ.

ಹೆಸರು ಹಾಗಿದ್ದರೂ ನಾನು ಮರಳನ್ನು ಬಳಸಲಿಲ್ಲ. ಮರಳು ಪುಡಿಯಾದಾಗ ಏಳುವ ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್ ವಾಸಿಯಾಗದ ಕಾಯಿಲೆ. ಗಾರ್ನೆಟ್ ಎಂಬ ಗಟ್ಟಿ ಖನಿಜದ ಪುಡಿಯನ್ನು ಆರಿಸಿಕೊಂಡೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದೆಂದು, ಹೊರಗಿನಿಂದ ಶುದ್ಧ ಗಾಳಿ ಬರುವ ಮುಖಗವಸನ್ನು ಧರಿಸದೆ ಪುಡಿ ಚಿಮ್ಮುವ ನಾಜಲ್ ಹಿಡಿಯಲಿಲ್ಲ.

ದಪ್ಪ ಕಬ್ಬಿಣದ ಚಾಸಿ ಹೆಚ್ಚಿನ ಒತ್ತಡವನ್ನೂ ತಾಳಿಕೊಂಡಿತು. ಅದೇ ಧೈರ್ಯದಿಂದ ಬಾಗಿಲಿಗೆ ನಾಜಲನ್ನು ಹತ್ತಿರದಿಂದ, ನೇರವಾಗಿ ಹಿಡಿದೆ. ನಡುಭಾಗದ ಶೀಟು ಉಬ್ಬಿಹೋಯಿತು. ಬಿಸಿಯಿಂದ ಹೀಗಾಗುತ್ತದೆ ಎಂದು ಹಲವರು ಹೇಳುತ್ತಾರೆ, ಆದರೆ ಮುಖ್ಯ ಕಾರಣ ಬೇರೆ: ಸಾವಿರಾರು ಕಾಳುಗಳು ಪುಟ್ಟ ಸುತ್ತಿಗೆಗಳಂತೆ ಒಂದೇ ಮುಖವನ್ನು ಬಡಿದು ಹಿಗ್ಗಿಸುತ್ತವೆ, ಇನ್ನೊಂದು ಮುಖ ಹಿಗ್ಗದೆ ಉಳಿಯುತ್ತದೆ. ಆ ಬಾಗಿಲನ್ನು ಸರಿಪಡಿಸಲು ಟಿಂಕರಿಂಗ್ ಕೆಲಸಕ್ಕೆ ಎರಡು ದಿನ ಹಿಡಿಯಿತು. ಆನಂತರ ಒತ್ತಡವನ್ನು ಸುಮಾರು 40 ಪಿಎಸ್‌ಐಗೆ (ಚದರ ಇಂಚಿಗೆ ಪೌಂಡ್) ಇಳಿಸಿ, ಒಂದೂವರೆ ಅಡಿ ದೂರದಿಂದ, ಓರೆಯಾಗಿ, ಕೈಯನ್ನು ಎಲ್ಲಿಯೂ ನಿಲ್ಲಿಸದೆ ಕೆಲಸ ಮಾಡಿದೆ. ಬಾನೆಟ್ಟಿನಂತಹ ಅಗಲವಾದ ಸಪಾಟು ಭಾಗಗಳ ಬಣ್ಣವನ್ನು ಪೇಂಟ್ ರಿಮೂವರ್ ಹಚ್ಚಿ ತೆಗೆದು, ಅಂಚು, ಮಡಿಕೆ ಮತ್ತು ಕೀಲುಗಳ ಸುತ್ತ ಮಾತ್ರ ಬ್ಲಾಸ್ಟ್ ಮಾಡಿದೆ. ಇಂದಿಗೂ ಇದೇ ಸರಿಯಾದ ಕ್ರಮವೆಂದು ನಂಬಿದ್ದೇನೆ.

ಬ್ಲಾಸ್ಟ್ ಆದ ಉಕ್ಕು ಮಾಸಲು ಬೂದುಬಣ್ಣಕ್ಕೆ ತಿರುಗಿ ಬಹಳ ಚೆಂದ ಕಾಣುತ್ತದೆ, ಆದರೆ ಅಷ್ಟೇ ಬೇಗ ಕೆಡುತ್ತದೆ. ತೇವವಿದ್ದ ದಿನ ಕೆಲವೇ ಗಂಟೆಗಳಲ್ಲಿ ಕಿತ್ತಳೆ ಛಾಯೆ ಮೂಡುವುದರಿಂದ, ಆರ್ದ್ರತೆ 85 ಶೇಕಡ ದಾಟಿದ ದಿನ ನಾನು ಕೆಲಸವನ್ನೇ ಆರಂಭಿಸಲಿಲ್ಲ. ಒಂದು ದಿನದಲ್ಲಿ ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಪದರ) ಹೊಡೆಯಬಲ್ಲಷ್ಟು ಭಾಗವನ್ನು ಮಾತ್ರ ಬ್ಲಾಸ್ಟ್ ಮಾಡಿದೆ. ಕಂಪ್ರೆಸರಿನ ಗಾಳಿಯಲ್ಲಿಯೂ ನೀರಿರುತ್ತದೆಯಾದ್ದರಿಂದ ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಅಳವಡಿಸಿದೆ. ಬರಿಗೈಯ ಬೆವರು ತಾಗಿದಲ್ಲಿ ಬೆರಳಿನ ಗುರುತೇ ತುಕ್ಕಾಗಿ ಮೂಡುತ್ತದೆ, ಹೀಗಾಗಿ ಕೈಗವಸು ತೆಗೆಯಲಿಲ್ಲ.

ಪ್ರೈಮರಿಗೆ ಮೊದಲು ಅತಿ ಹೆಚ್ಚು ಸಮಯ ತೆಗೆದುಕೊಂಡದ್ದು ಪೆಟ್ಟಿಗೆಯಂತಹ ಟೊಳ್ಳು ಭಾಗಗಳಿಂದ ಗಾರ್ನೆಟ್ ಹೊರತೆಗೆಯುವ ಕೆಲಸ. ಬಾಡಿಯನ್ನು ಮಗುಚಿ, ತಟ್ಟಿ, ಗಾಳಿ ಹಾಯಿಸಿ, ಮತ್ತೆ ಮಗುಚಿದರೂ ಹಿಡಿಯಷ್ಟು ಉದುರುತ್ತಲೇ ಇತ್ತು. ಅಲ್ಲಿ ಉಳಿದರೆ ತೇವವನ್ನು ಹಿಡಿದಿಡುತ್ತದೆ. ಸ್ಪ್ರೇ ಗನ್ನಿನ ಗಾಳಿಗೆ ಹೊರಬಿದ್ದು ಹಸಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ.

ಕೊನೆಗೆ ಗ್ರೀಸ್ ರಿಮೂವರಿನಿಂದ ಒರೆಸಿ, ರಾಳ ಮತ್ತು ಅದನ್ನು ಗಟ್ಟಿ ಮಾಡುವ ದ್ರವ ಎಂಬ ಎರಡು ಭಾಗಗಳ ಎಪಾಕ್ಸಿ ಪ್ರೈಮರನ್ನು ಡಬ್ಬಿಯ ಮೇಲಿನ ಅಳತೆಯಂತೆ ಕಲಸಿ, ಅದರಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, ಎರಡು ಕೋಟ್ ಹೊಡೆದೆ. ಪುಟ್ಟಿಯನ್ನು ಎಪಾಕ್ಸಿಯ ಮೇಲೆಯೇ ಹಚ್ಚಿದೆ, ಏಕೆಂದರೆ ಪುಟ್ಟಿ ನೀರನ್ನು ಹೀರುತ್ತದೆ, ಅದರಡಿಯ ಉಕ್ಕನ್ನು ಎಪಾಕ್ಸಿಯಷ್ಟು ಚೆನ್ನಾಗಿ ಕಾಯುವುದು ಬೇರೊಂದು ನನಗೆ ಸಿಕ್ಕಿಲ್ಲ.