ವೈನ್ ತಿಳಿಯಾಗಬೇಕೆ? ಮೊದಲು ಜೇಡಿಮಣ್ಣನ್ನು ನೀರಲ್ಲಿ ನೆನೆಸಿ

ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ದಿಲ್‌ಖುಷ್‌ನಂಥ ಹಸಿರು ದ್ರಾಕ್ಷಿಯ ವೈನ್ ಬಾಟಲಿಗೆ ತುಂಬುವಾಗ ತಿಳಿಯಾಗಿಯೇ ಕಾಣಬಹುದು. ಬಿಸಿಲು ಏರಿದ ಮೇಲೆ ಮಬ್ಬಾಗುತ್ತದೆ. ಹಣ್ಣಿನ ಪ್ರೋಟೀನ್ ಮಾಡುವ ಕೆಲಸ ಇದು. ಬೆಂಟೊನೈಟ್ ಎಂಬ ಜೇಡಿಮಣ್ಣಿಗೆ ಋಣ ವಿದ್ಯುದಂಶವಿದೆ, ವೈನ್ ಸಹಜವಾಗಿಯೇ ಹುಳಿ ಗುಣದ್ದು, ಹಾಗಾಗಿ ಅದರಲ್ಲಿ ಪ್ರೋಟೀನಿಗೆ ಧನ ವಿದ್ಯುದಂಶ. ಎರಡೂ ಅಂಟಿಕೊಂಡು ತಳ ಸೇರುತ್ತವೆ.

ವೈನ್‌ಗೆಂದೇ ಮಾರುವ ಸೋಡಿಯಂ ಬೆಂಟೊನೈಟ್ ತನ್ನಿ. ಅಗ್ಗ ಅಂತ ಅರ್ಥಿಂಗ್ ಗುಂಡಿಗೆ ಹಾಕುವ ಚೀಲ ತರಲೇಬೇಡಿ. ಅದು ಕುಡಿಯುವ ಪದಾರ್ಥಕ್ಕೆ ಮಾಡಿದ್ದಲ್ಲ.

ಹೆಚ್ಚಿನವರು ಎಡವುವುದು ನೆನೆಸುವಾಗ. ಪುಡಿಯನ್ನು ಸುಮ್ನೆ ವೈನ್‌ಗೇ ಸುರಿಯುವವರನ್ನು ಎಷ್ಟೋ ಸಲ ನೋಡಿದ್ದೇನೆ. ವೈನ್‌ನಲ್ಲಿ ಈ ಮಣ್ಣು ಸರಿಯಾಗಿ ಉಬ್ಬುವುದಿಲ್ಲ. ಉಬ್ಬದಿದ್ದರೆ ಪ್ರೋಟೀನ್ ಹಿಡಿಯಲು ಜಾಗವೇ ಇಲ್ಲ. ಸುಮಾರು 60 ಡಿಗ್ರಿ ಬಿಸಿಯ ಒಳ್ಳೆಯ ನೀರು ತೆಗೆದುಕೊಳ್ಳಿ. ಗಡಸು ಬೋರ್‌ವೆಲ್ ನೀರು ಬೇಡ, ಅದರ ಕ್ಯಾಲ್ಸಿಯಂ ಮಣ್ಣನ್ನು ಉಬ್ಬಲು ಬಿಡುವುದಿಲ್ಲ. ನೀರನ್ನು ಜೋರಾಗಿ ತಿರುಗಿಸುತ್ತಲೇ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಹೀಗೆ ಮಣ್ಣು ಕಲಸಿದ ಒಂದು ಲೀಟರ್ ಗಂಜಿಗೆ 50 ಗ್ರಾಂ ಪುಡಿ ಸಾಕು. ಪುಡಿಯ ಮೇಲೆ ನೀರು ಸುರಿದರೆ ರಾಗಿ ಅಂಬಲಿಯಂತೆ ಗಂಟು ಕಟ್ಟುತ್ತದೆ. ಹೊರಗೆ ಜಿಗುಟು, ಒಳಗೆ ಒಣ ಪುಡಿ. ಮುಚ್ಚಿಟ್ಟು ಒಂದು ದಿನ ಬಿಡಿ, ನಡುನಡುವೆ ಕಲಕಿ. ಬೆರಳಿಗೆ ಹಚ್ಚಿದರೆ ನುಣ್ಣಗೆ ಜಾರಬೇಕು.

ಅಳತೆಯನ್ನು ಊಹೆಯಿಂದ ಹಾಕಬೇಡಿ. ವೈನ್ ತುಂಬಿದ ನಾಲ್ಕು ಸೀಸೆಗಳಲ್ಲಿ ಲೀಟರಿಗೆ 0.25, 0.5, 0.75, 1 ಗ್ರಾಂ ಮಣ್ಣಿನ ಲೆಕ್ಕದಲ್ಲಿ ಗಂಜಿ ಹಾಕಿ ನೋಡಿ. ಮಣ್ಣು ಕೆಳಗಿಳಿದ ಮೇಲೆ ಸೋಸಿ, 80 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ತಣ್ಣಗಾಗಲು ಬಿಡಿ. ಮಬ್ಬು ಬಾರದ ಸೀಸೆಗಳಲ್ಲಿ ಅತಿ ಕಡಿಮೆ ಮಣ್ಣಿನದ್ದೇ ನಿಮ್ಮ ಅಳತೆ. 0.75 ಸರಿ ಬಂದರೆ 20 ಲೀಟರಿಗೆ 300 ಮಿಲಿ ಗಂಜಿ. ಜಾಸ್ತಿ ಹಾಕಿದರೆ ಪರಿಮಳವೂ ಹೋಗುತ್ತದೆ. ಬೆಂಗಳೂರು ಬ್ಲೂ ದ್ರಾಕ್ಷಿಯ ಕೆಂಪು ವೈನ್‌ಗೆ ಸಾಮಾನ್ಯವಾಗಿ ಇದು ಬೇಕಿಲ್ಲ. ಸಿಪ್ಪೆ, ಬೀಜದಿಂದ ಬರುವ ಒಗರು ಅಂಶವಾದ ಟ್ಯಾನಿನ್ನೇ ಪ್ರೋಟೀನನ್ನು ಇಳಿಸುತ್ತದೆ, ಮಣ್ಣು ಹಾಕಿದರೆ ಬಣ್ಣ ಕಳೆದುಕೊಳ್ಳುತ್ತೀರಿ.

ಗಂಜಿ ಸುರಿದು ಚೆನ್ನಾಗಿ ಕಲಕಿ, ಒಂದೆರಡು ವಾರ ಬಿಟ್ಟು, ಮೇಲಿನ ತಿಳಿಯನ್ನು ಪೈಪಿನಿಂದ ಇಳಿಸಿಕೊಳ್ಳಿ.

ಇದೇ ಮಣ್ಣಿನಿಂದ ರೇಷ್ಮೆಗೆ ಬಣ್ಣ ಹಾಕಿದ ನೀರು ತಿಳಿಯಾಗುತ್ತಾ ಅಂತ ಕೇಳುವವರಿದ್ದಾರೆ. ರೇಷ್ಮೆಗೆ ಹೆಚ್ಚಾಗಿ ಬಳಸುವ ಆ್ಯಸಿಡ್ ಬಣ್ಣಗಳಿಗೂ ಋಣ ವಿದ್ಯುದಂಶವೇ, ಹಾಗಾಗಿ ಬರೀ ಬೆಂಟೊನೈಟ್ ಅವನ್ನು ದೂರ ತಳ್ಳುತ್ತದೆ. ಅದಕ್ಕೆ ಮಾರ್ಪಡಿಸಿದ ಮಣ್ಣು ಬೇಕು. ಸೋಡಿಯಂ ಜಾಗದಲ್ಲಿ ಧನ ವಿದ್ಯುದಂಶದ ಕ್ವಾಟರ್ನರಿ ಅಮೋನಿಯಂ ಎಂಬ ರಾಸಾಯನಿಕ ಕೂರಿಸಿದ ಆರ್ಗನೋಕ್ಲೇ ಅದು. ಎಣ್ಣೆ, ಫೀನಾಲ್‌ಗಳನ್ನೂ ಹಿಡಿಯುತ್ತದೆ. ಆ ಡಬ್ಬಿಯನ್ನು ವೈನ್ ಕೋಣೆಯ ಹತ್ತಿರವೂ ಇಡಬೇಡಿ. ಬಣ್ಣ ಹೀರಿದ ಮಣ್ಣನ್ನು ಚರಂಡಿಗೋ ಕೆರೆಗೋ ಸುರಿಯಬಾರದು, ಅಪಾಯಕಾರಿ ತ್ಯಾಜ್ಯ ಒಯ್ಯುವ ಪರವಾನಗಿ ಇದ್ದವರಿಗೇ ಕೊಡಿ.